ಕೆನ್ನೆಯನ್ನು ಕೆತ್ತುವ ಕಪ್ಪು ಹಲಗೆ: ಫ್ಯಾಷನ್ ಫೋಟೋಗಳ ಹಿಂದಿನ ಬೆಳಕಿನ ಲೆಕ್ಕ

ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ರೂಪದರ್ಶಿಯ ಕೆನ್ನೆ ಕೆತ್ತಿದ ಹಾಗಿರುತ್ತದೆ, ದವಡೆಯ ಗೆರೆ ಎದ್ದು ಕಾಣುತ್ತದೆ. ಕನ್ನಡಿ ನೋಡಿಕೊಂಡು, ನಮ್ಮ ಮುಖ ಯಾಕೆ ಹೀಗಿಲ್ಲ ಎಂದು ಕೊರಗುವವರು ಕಡಿಮೆಯೇನಿಲ್ಲ. ಡಯಟ್, ಮೇಕಪ್, ಫೋಟೋಶಾಪ್ ಎಂದು ನಾವು ಕಾರಣ ಹುಡುಕುತ್ತೇವೆ. ಆದರೆ ಚೌಕಟ್ಟಿನಾಚೆ, ರೂಪದರ್ಶಿಯ ಪಕ್ಕದಲ್ಲೇ ನಿಂತಿರಬಹುದಾದ ಕಪ್ಪು ಹಲಗೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಪ್ಪು ಹಲಗೆ ನೆರಳು ಚೆಲ್ಲುತ್ತದೆಯೇ?

ಬಿಳಿ ಹಲಗೆ ಬೆಳಕು ಚೆಲ್ಲಿದಂತೆ ಕಪ್ಪು ಹಲಗೆ ಕತ್ತಲೆ ಚೆಲ್ಲುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಇದು ನಿಜವಲ್ಲ. ಚೆಲ್ಲಲು ಕತ್ತಲೆ ಎಂಬ ವಸ್ತುವೇ ಇಲ್ಲ. ಸ್ಟುಡಿಯೋದ ಫ್ಲ್ಯಾಶ್ ಬೆಳಗಿದಾಗ ಬೆಳಕು ಮುಖದ ಮೇಲಷ್ಟೇ ಬೀಳುವುದಿಲ್ಲ. ಗೋಡೆ, ಚಾವಣಿ, ನೆಲಕ್ಕೆ ಬಡಿದು ಮತ್ತೆ ಮುಖದತ್ತ ಬರುತ್ತದೆ, ನೆರಳಿನ ಭಾಗವನ್ನೂ ತುಂಬುತ್ತದೆ. ಕಪ್ಪು ಹಲಗೆ ಹೀಗೆ ಮರಳುವ ಬೆಳಕನ್ನು ಹೀರಿಕೊಳ್ಳುತ್ತದೆ. ಛಾಯಾಗ್ರಾಹಕರು ಇದನ್ನು ನೆಗೆಟಿವ್ ಫಿಲ್ ಎನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ಮುಖದ ಒಂದು ಬದಿಗೆ 100 ಪಾಲು ಬೆಳಕು, ಇನ್ನೊಂದು ಬದಿಗೆ ಗೋಡೆಗಳಿಂದ 50 ಪಾಲು ಬರುತ್ತಿದೆ ಎಂದುಕೊಳ್ಳಿ. ವ್ಯತ್ಯಾಸ ಎರಡು ಪಟ್ಟು ಮಾತ್ರ, ಮುಖ ಚಪ್ಪಟೆಯಾಗಿ ಕಾಣುತ್ತದೆ. ಕಪ್ಪು ಹಲಗೆ ಇಟ್ಟ ಮೇಲೆ ಆ 50 ಪಾಲು 12.5ಕ್ಕೆ ಇಳಿದರೆ ವ್ಯತ್ಯಾಸ ಎಂಟು ಪಟ್ಟಾಗುತ್ತದೆ. ಕೆನ್ನೆಯ ಕೆಳಗೆ ಗೆರೆ ಮೂಡುತ್ತದೆ, ಮುಖ ತೆಳ್ಳಗೆ ಕಾಣುತ್ತದೆ. ಚರ್ಮವಾಗಲಿ, ಎಲುಬಾಗಲಿ ಒಂದಿಷ್ಟೂ ಬದಲಾಗಿಲ್ಲ.

ಯಾವ ಯಾವ ಸಲಕರಣೆಗಳು?

ಹೆಚ್ಚು ಬಳಕೆಯಲ್ಲಿರುವುದು ವಿ-ಫ್ಲ್ಯಾಟ್. ಸುಮಾರು 8 ಅಡಿ ಎತ್ತರ, 4 ಅಡಿ ಅಗಲದ ಎರಡು ಫೋಮ್ ಹಲಗೆಗಳನ್ನು ಪುಸ್ತಕದಂತೆ ಜೋಡಿಸಿರುತ್ತಾರೆ. ಒಂದು ಬದಿ ಬಿಳಿ, ಇನ್ನೊಂದು ಬದಿ ಕಪ್ಪು. ದೀಪದ ಬೆಳಕು ಬೇಡದ ಕಡೆ ಹೋಗದಂತೆ ತಡೆಯುವ ಕಪ್ಪು ಬಟ್ಟೆಯ ಚೌಕಟ್ಟನ್ನು ಫ್ಲ್ಯಾಗ್ ಎನ್ನುತ್ತಾರೆ, ನಮ್ಮ ಸಿನಿಮಾ ಸೆಟ್ಟುಗಳಲ್ಲಿ ಅದು ಕಟ್ಟರ್. ಜೇನುಗೂಡಿನಂಥ ಕಪ್ಪು ಗ್ರಿಡ್ ಓರೆಯಾಗಿ ಹೊರಡುವ ಬೆಳಕನ್ನು ಹೀರಿ ನೇರ ಬೆಳಕನ್ನು ಮಾತ್ರ ಬಿಡುತ್ತದೆ. ಅತಿನೇರಳೆ ಕಿರಣ ಸೂಸುವ ಬ್ಲ್ಯಾಕ್ ಲೈಟ್ ದೀಪಕ್ಕೂ ಇವಕ್ಕೂ ಸಂಬಂಧವಿಲ್ಲ.

ಹೀರಿದ ಬೆಳಕು ಎಲ್ಲಿಗೆ ಹೋಯಿತು? ಶಾಖವಾಯಿತು. ಫ್ಲ್ಯಾಶಿನ ಕ್ಷಣಿಕ ಬೆಳಕಿನಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಸದಾ ಉರಿಯುವ ಹ್ಯಾಲೊಜನ್ ದೀಪಕ್ಕೆ ತೀರಾ ಹತ್ತಿರವಿಟ್ಟ ಕಪ್ಪು ಬಟ್ಟೆ ಬಿಸಿಯೇರಿ ಸುಡಬಹುದು.

ರೇಷ್ಮೆ, ಚರ್ಮದ ಜಾಕೆಟ್, ಒಡವೆಗಳ ವಿಷಯದಲ್ಲಿ ಕಪ್ಪು ಹಲಗೆಗೆ ಇನ್ನೊಂದು ಕೆಲಸವಿದೆ. ಹೊಳೆಯುವ ವಸ್ತು ತನ್ನ ಸುತ್ತಲಿನದನ್ನು ಪ್ರತಿಬಿಂಬಿಸುತ್ತದೆ. ಸುತ್ತ ಬರೀ ಬಿಳಿಯಿದ್ದರೆ ಅಂಚುಗಳು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಕಪ್ಪು ಹಲಗೆಯ ಪ್ರತಿಬಿಂಬವೇ ಅಲ್ಲಿ ಗೆರೆಯಾಗಿ ಆಕಾರವನ್ನು ತೋರಿಸುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಬಿಳಿ ಗೋಡೆಯ ಕೋಣೆಯಲ್ಲಿ ಒಬ್ಬರನ್ನು ಕಿಟಕಿಗೆ ಓರೆಯಾಗಿ ಕೂರಿಸಿ. ಮೊಬೈಲ್ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಬೆಳಕಿನ ಅಳತೆಯನ್ನು ಲಾಕ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ತಾನೇ ಹೊಂದಿಸಿಕೊಂಡು ವ್ಯತ್ಯಾಸವನ್ನು ಮರೆಮಾಚುತ್ತದೆ. ಒಂದು ಫೋಟೋ ತೆಗೆಯಿರಿ. ನಂತರ ಕಿಟಕಿಗೆ ಎದುರು ಬದಿಯಲ್ಲಿ, ಮುಖದಿಂದ ಒಂದೆರಡು ಅಡಿ ದೂರದಲ್ಲಿ ಕಪ್ಪು ಕಂಬಳಿ ಹಿಡಿದು ಇನ್ನೊಂದು ತೆಗೆಯಿರಿ. ಕಂಬಳಿಯನ್ನು ದೂರ ಸರಿಸಿದಂತೆ ಪರಿಣಾಮ ಕುಗ್ಗುವುದನ್ನೂ ಗಮನಿಸಿ. ದೂರ ಹೋದಷ್ಟೂ ಅದು ಮರೆಮಾಡುವ ಗೋಡೆಯ ಪಾಲು ಕಡಿಮೆಯಾಗುತ್ತದೆ.

ಎರಡೂ ಫೋಟೋಗಳನ್ನು ಮನೆಯ ಹದಿಹರೆಯದವರಿಗೆ ತೋರಿಸಿ. ಒಂದೇ ಮುಖ, ಒಂದೇ ನಿಮಿಷ, ನಡುವೆ ಇದ್ದದ್ದು ಒಂದು ಕಂಬಳಿ. ಮುಖಪುಟದ ಕೆನ್ನೆಗೆ ತಮ್ಮ ಕೆನ್ನೆಯನ್ನು ಹೋಲಿಸಿ ಊಟ ಬಿಡುವ ಮೊದಲು ಇದು ಅವರಿಗೆ ಗೊತ್ತಿರಲಿ.