ಕೌಶಲದ ಆಟ ಮತ್ತು ಹೊಸಬನ ಗಂಟು

ಇಸ್ಪೀಟು ಎಲೆಗಳ ಆಟವು ಜೂಜೋ ಕೌಶಲವೋ ಎಂಬ ಪ್ರಶ್ನೆ ನ್ಯಾಯಾಲಯಗಳಿಗೆ ಹೊಸದಲ್ಲ. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿಯೇ ಹೇಳಿತು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಈ ತೀರ್ಪುಗಳಿಂದ ಅನೇಕರು ಒಂದು ಸಮಾಧಾನವನ್ನು ಪಡೆದರು: ಇದು ಅದೃಷ್ಟದ ಆಟವಲ್ಲ, ಬುದ್ಧಿವಂತಿಕೆಯ ಆಟ, ಆದ್ದರಿಂದ ವ್ಯವಹಾರಸ್ಥನಿಗೆ ಇದರಿಂದ ಅಪಾಯ ಕಡಿಮೆ.

ಈ ಸಮಾಧಾನವು ತಲೆಕೆಳಗಾದುದು. ಕೇವಲ ಅದೃಷ್ಟದ ಆಟದಲ್ಲಿ ಹೊಸಬನಿಗೂ ಹಳಬನಿಗೂ ಸಮಾನ ಅವಕಾಶವಿರುತ್ತದೆ. ಕೌಶಲದ ಆಟದಲ್ಲಿ ಹೊಸಬನು ಸೋಲುವುದು ಹೆಚ್ಚು ಖಚಿತ. ಆಟವು ಕೌಶಲದ್ದೆಂದು ನ್ಯಾಯಾಲಯ ಹೇಳಬಹುದು. ಆ ಕೌಶಲ ಆಡುವವನಲ್ಲಿದೆಯೆಂದು ಯಾವ ನ್ಯಾಯಾಲಯವೂ ಹೇಳುವುದಿಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಪೋಕರಿನ ಮಿಶ್ರ ಆಟಗಳು. ಇಲ್ಲಿ ಒಂದೇ ಮೇಜಿನಲ್ಲಿ ಕೆಲವು ಸುತ್ತುಗಳಿಗೊಮ್ಮೆ ಆಟವೇ ಬದಲಾಗುತ್ತದೆ. ಅವುಗಳ ಪೈಕಿ ಎಲೆ ಬದಲಿಸಿಕೊಳ್ಳುವ 'ಡ್ರಾ' ಬಗೆಯ ಆಟಗಳು ಬಹುಮಂದಿಗೆ ಅಪರಿಚಿತ. 'ಎರಡು-ಏಳು ಟ್ರಿಪಲ್ ಡ್ರಾ' ಎಂಬುದರಲ್ಲಿ ಅತಿ ಕನಿಷ್ಠ ಎಲೆಗಳುಳ್ಳವನು ಗೆಲ್ಲುತ್ತಾನೆ. ಜೋಡಿ ಬಂದರೆ ನಷ್ಟ. ಅನುಕ್ರಮ ಬಂದರೂ, ಐದೂ ಎಲೆ ಒಂದೇ ಜಾತಿಯವಾದರೂ ನಷ್ಟ. ಎಕ್ಕವು ಅತಿ ದೊಡ್ಡ ಎಲೆಯಾದುದರಿಂದ ಅದೂ ಹೊರೆ. ಒಂದೇ ಜಾತಿಗೆ ಸೇರದ 2, 3, 4, 5, 7 ಸರ್ವಶ್ರೇಷ್ಠ ಕೈ. 'ಬಡೂಗಿ' ಎಂಬ ಇನ್ನೊಂದು ಆಟದಲ್ಲಿ ನಾಲ್ಕೇ ಎಲೆ. ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ನಾಲ್ಕೂ ಒಂದೊಂದರಂತೆ ಇರಬೇಕು, ಅಂಕೆಗಳೂ ಬೇರೆ ಬೇರೆಯಾಗಿರಬೇಕು. ಅಲ್ಲಿ ಎಕ್ಕ ಅತಿ ಚಿಕ್ಕದು, ಆದ್ದರಿಂದ ಅತ್ಯಮೂಲ್ಯ. ನಾಲ್ಕು ಎಲೆಗಳ 2,70,725 ಸಂಯೋಜನೆಗಳಲ್ಲಿ 17,160 ಮಾತ್ರ ಮೊದಲ ಹಂಚಿಕೆಯಲ್ಲಿಯೇ ಈ ನಿಯಮಕ್ಕೆ ಹೊಂದುತ್ತವೆ. ಅಂದರೆ ಶೇಕಡಾ ಆರಕ್ಕಿಂತ ತುಸು ಹೆಚ್ಚು.

ಮಲೆನಾಡಿನ ಮದುವೆ ಮನೆಗಳಲ್ಲಿ ರಾತ್ರಿಯಿಡೀ ರಮ್ಮಿ ಆಡಿ ಕೈ ಪಳಗಿದವನು ಈ ಆಟಗಳು ತನಗೆ ಸುಲಭವೆಂದು ಭಾವಿಸುವುದು ಸಹಜ. ಎಲೆ ಬಿಡುವುದು, ಎಲೆ ಎತ್ತುವುದು ಎರಡೂ ಅಲ್ಲಿಯೂ ಉಂಟು. ಆದರೆ ರಮ್ಮಿಯಲ್ಲಿ ಎದುರಾಳಿ ಬಿಟ್ಟ ಎಲೆ ಎಲ್ಲರಿಗೂ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಆತ ಎಷ್ಟು ಎಲೆ ಬದಲಿಸಿದನೆಂಬುದಷ್ಟೇ ತಿಳಿಯುತ್ತದೆ. ಮೂರು ಬದಲಿಸಿದವನು ದುರ್ಬಲ, ಒಂದನ್ನೂ ಬದಲಿಸದವನು ಬಲಿಷ್ಠ, ಇಲ್ಲವೇ ಬಲಿಷ್ಠನಂತೆ ನಟಿಸುವವನು. ಕೊನೆಯಲ್ಲಿ ಆಡುವವನಿಗೆ ಉಳಿದವರ ಸಂಖ್ಯೆಗಳೆಲ್ಲ ಮೊದಲೇ ದೊರೆಯುವುದರಿಂದ ಕುಳಿತ ಸ್ಥಾನಕ್ಕೂ ಬೆಲೆಯಿದೆ. ಹಳೆಯ ಆಟದ ಅನುಭವವು ಇಲ್ಲಿ ಸಹಾಯ ಮಾಡುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು.

ಶಿವಮೊಗ್ಗದ ವರ್ತಕರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಇಲ್ಲಿನ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲುಗಳನ್ನು ಕಣ್ಣಳತೆಯಲ್ಲಿ ವಿಂಗಡಿಸಬಲ್ಲವನು ಕರಾವಳಿಯ ಚಾಲಿ ವ್ಯಾಪಾರಕ್ಕೆ ಇಳಿದರೆ ಹೊಸಬನೇ. ಅಡಿಕೆ ಒಂದೇ, ಆದರೆ ಇಲ್ಲಿಯದು ಹಸಿಯಾಗಿ ಸುಲಿದು ಬೇಯಿಸಿದ ಕೆಂಪಡಿಕೆ. ಅಲ್ಲಿಯದು ಸಿಪ್ಪೆಸಹಿತ ಒಣಗಿಸಿದ ಬಿಳಿಯಡಿಕೆ. ಚಾಲಿಯಲ್ಲಿ ಹಳೆಯ ದಾಸ್ತಾನಿಗೆ ಹೊಸತಿಗಿಂತ ಹೆಚ್ಚು ದರ ಸಿಗುವುದುಂಟು. ಬಲ್ಲ ವರ್ತಕನು ಮೊದಲು ಕೆಲವೇ ಚೀಲಗಳನ್ನು ಕೊಂಡು, ಆ ಪೇಟೆಯ ನಡೆಯನ್ನು ನೋಡಿ, ಬಳಿಕ ಕೈಹಾಕುತ್ತಾನೆ.

ಭದ್ರಾವತಿಯ ಸಣ್ಣ ಕೈಗಾರಿಕೆಗಳಿಗಂತೂ ಈ ಪಾಠವನ್ನು ಕಾಲವೇ ಕಲಿಸಿದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯು 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾದಾಗ ಊರೇ ತಲ್ಲಣಿಸಿತು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಘಟಕಕ್ಕೆ ಅಂಥ ದಿನದಲ್ಲಿ ಹೊಸ ಕೆಲಸ ಕಲಿಯದೆ ಗತ್ಯಂತರವಿಲ್ಲ. ಗ್ರೇ ಐರನ್ ಎರಕದಲ್ಲಿ ನುರಿತ ಫೌಂಡ್ರಿಯೂ ಎಸ್.ಜಿ. ಐರನ್ ಎರಕಕ್ಕೆ ಬಂದರೆ ಮೊದಲಿನಿಂದ ಕಲಿಯಬೇಕು. ಅಲ್ಲಿ ನಡೆಯುತ್ತಿದ್ದ ಗಂಧಕದ ಅಂಶ ಇಲ್ಲಿ ನಡೆಯದು. ಮೆಗ್ನೀಸಿಯಂ ಸೇರಿಸಿದ ನಂತರ ಸುರಿಯಲು ತಡಮಾಡಿದರೆ ಅದರ ಪರಿಣಾಮವೇ ಕುಂದುತ್ತದೆ. ಯಾವ ಜವಾಬ್ದಾರಿಯುತ ಮಾಲೀಕನೂ ಮೊದಲ ದಿನವೇ ದೊಡ್ಡ ಆರ್ಡರಿಗೆ ಸಹಿ ಹಾಕುವುದಿಲ್ಲ. ಪ್ರಾಯೋಗಿಕವಾಗಿ ಕೆಲವು ಎರಕ ತೆಗೆದು ಪರೀಕ್ಷೆಗೆ ಕಳುಹಿಸುತ್ತಾನೆ.

ಹಗಲಿನಲ್ಲಿ ಇಷ್ಟು ಎಚ್ಚರದಿಂದ ನಡೆಯುವ ವ್ಯಕ್ತಿಯೇ ರಾತ್ರಿ ಮೊಬೈಲ್ ಕೈಗೆತ್ತಿಕೊಂಡಾಗ ಎಚ್ಚರ ತಪ್ಪುತ್ತಾನೆ. ಮಿಶ್ರ ಆಟದಲ್ಲಿ ನಷ್ಟ ಅಡಗಿಕೊಳ್ಳುವುದೂ ಸುಲಭ. ತಿಳಿದ ಆಟದಲ್ಲಿ ಗೆದ್ದದ್ದು ತಿಳಿಯದ ಆಟದಲ್ಲಿ ಕರಗಿದರೂ ಕೊನೆಗೆ ಕಾಣುವುದು ಒಂದೇ ಮೊತ್ತ. ಯಾವ ಸರಕಿನಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂದು ಪ್ರತ್ಯೇಕ ಖಾತೆ ಇಡದ ಅಂಗಡಿಯ ಸ್ಥಿತಿಯೂ ಇದೇ. ಇದರ ಮೇಲೆ ಇನ್ನೊಂದು ಲೆಕ್ಕವಿದೆ. ಆರು ಜನ ತಲಾ ಸಾವಿರ ರೂಪಾಯಿ ತಂದರೆ ಮೇಜಿನ ಮೇಲಿರುವುದು ಆರು ಸಾವಿರ ಮಾತ್ರ. ಆಡಿಸುವವನು ತನ್ನ ಕಮಿಷನ್ ತೆಗೆದುಕೊಂಡಂತೆಲ್ಲ ಅದು ಕಡಿಮೆಯಾಗುತ್ತದೆ. ವ್ಯಾಪಾರದಲ್ಲಿ ಕೊಂಡವನಿಗೂ ಮಾರಿದವನಿಗೂ ಲಾಭವಾಗಬಹುದು. ಇಲ್ಲಿ ಒಬ್ಬನ ಲಾಭವೆಲ್ಲ ಇನ್ನೊಬ್ಬನ ನಷ್ಟ. ಆ ಸಾವಿರವು ರೈತನ ಅಡಿಕೆ ಬಾಕಿಯದೋ ಕಾರ್ಮಿಕರ ಸಂಬಳದ್ದೋ ಆಗಿದ್ದರೆ, ಸೋಲು ಆಟಗಾರನೊಬ್ಬನದೇ ಆಗಿ ಉಳಿಯದು.

ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನು ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು ಅದು ನಿಷೇಧಿಸಿದೆ. ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಕೇವಲ ಆಡುವವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಅದೇ ತಿಂಗಳು ಈ ಕಾಯ್ದೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. ಪ್ರಜ್ಞಾವಂತ ವಯಸ್ಕನಿಗೆ ತನ್ನ ಹಣವನ್ನು ಹೇಗೆ ವ್ಯಯಿಸಬೇಕೆಂದು ಸರ್ಕಾರ ಹೇಳಬಾರದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾನೂನಿನ ವಾದ ಯಾರ ಪರವಾಗಿ ಮುಗಿದರೂ ಹೊಸಬನ ಲೆಕ್ಕ ಬದಲಾಗುವುದಿಲ್ಲ. ಶಿಕ್ಷೆಯಿಲ್ಲವೆಂದು ವಿದೇಶಿ ತಾಣಗಳಲ್ಲಿ ಹಣ ಹೂಡಿದವನು, ಆ ಹಣ ಮರಳದಿದ್ದಾಗ ಯಾರ ಬಾಗಿಲು ತಟ್ಟಬೇಕು?

ಹೊಸ ಆಟ ಕಲಿಯುವ ಕುತೂಹಲವು ದೋಷವಲ್ಲ. ಅದು ಉದ್ಯಮಶೀಲತೆಯ ಲಕ್ಷಣವೇ. ಕಲಿಯುವವರು ನಾಲ್ಕು ಜನ ಗೆಳೆಯರೊಡನೆ ಮನೆಯ ಜಗಲಿಯಲ್ಲಿ ಅಡಿಕೆ ಹೋಳುಗಳನ್ನು ಪಣವಾಗಿಟ್ಟು ಬಡೂಗಿಯನ್ನು ಕಲಿಯಲಿ. ಎದುರಾಳಿ ಎಷ್ಟು ಎಲೆ ಬದಲಿಸಿದನೆಂಬುದನ್ನು ಗಮನಿಸುವ ಅಭ್ಯಾಸ ಬೆಳೆಸಿಕೊಳ್ಳಲಿ. ಆ ಅಭ್ಯಾಸವು ಪೇಟೆಯಲ್ಲಿಯೂ ಪ್ರಯೋಜನಕ್ಕೆ ಬರುತ್ತದೆ. ದುಡಿಯುವ ಬಂಡವಾಳ ಮಾತ್ರ ಗಲ್ಲಾಪೆಟ್ಟಿಗೆಯಲ್ಲಿಯೇ ಇರಲಿ.