ಐಹೊಳೆಯಲ್ಲಿ ಒಂದು ರಾತ್ರಿ ತಂಗಲು ಜಾಗ ಕೊಡಿ

ಬಾಗಲಕೋಟೆ ಜಿಲ್ಲಾಧಿಕಾರಿಯವರಿಗೆ,



ನಾನು ಇಳಕಲ್ಲಿನ ಚಿತ್ರಕಲಾ ಶಿಕ್ಷಕ. ಪ್ರತಿ ಚಳಿಗಾಲ ಮಕ್ಕಳನ್ನು ಐಹೊಳೆಗೆ ಕರೆದೊಯ್ಯುತ್ತೇನೆ. ಕಳೆದ ಸಲ ರಾವಣಫಡಿ ಗುಹೆಯಲ್ಲಿ ಒಬ್ಬ ಹುಡುಗಿ ಸಪ್ತಮಾತೃಕೆಯರ ಚಿತ್ರ ಬರೆಯುತ್ತ ಕೂತಿದ್ದಳು. ಅಲ್ಲಿಯವರೆಗೆ ಒಳಗೆಲ್ಲ ಮಬ್ಬು. ಇಳಿಹೊತ್ತಿನ ಬಿಸಿಲು ಗುಹೆಯೊಳಗೆ ಬಂದಾಗ ಆ ತಾಯಂದಿರ ಉಡುಗೆಯ ನಿರಿಗೆಗಳು ಒಂದೊಂದಾಗಿ ಎದ್ದು ಕಂಡವು. ನೇಕಾರರ ಮನೆಯ ಹುಡುಗಿ, ನಿರಿಗೆ ಎಣಿಸತೊಡಗಿದಳು. ಆಗಲೇ ನಾನು ‘ಏಳವ್ವಾ, ಬಸ್ಸು ಹೋಗ್ತದ’ ಎನ್ನಬೇಕಾಯಿತು. ನಾಲ್ವರು ತಾಯಂದಿರು ಮುಗಿದಿದ್ದರು, ಮೂವರು ಬರೀ ಗೆರೆಯಾಗಿ ಉಳಿದರು.

ಐಹೊಳೆಗೆ ಬರುವವರು ಬಹುಪಾಲು ಬಾದಾಮಿಯಲ್ಲೇ ತಂಗುತ್ತಾರೆ. ಅಲ್ಲಿಂದ ಸುಮಾರು 35 ಕಿಲೋಮೀಟರ್. ನಡುವೆ ಪಟ್ಟದಕಲ್ಲು ನೋಡಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ನೂರಕ್ಕೂ ಹೆಚ್ಚು ಗುಡಿಗಳಿರುವ ಊರನ್ನು ಎರಡು ತಾಸಿನಲ್ಲಿ ಮುಗಿಸಿ ಹೋಗುತ್ತಾರೆ. 634ರಲ್ಲಿ ರವಿಕೀರ್ತಿ ಮೇಗುಟಿ ಗುಡಿಯ ಗೋಡೆಗೆ ಬರೆಸಿದ ಶಾಸನವನ್ನು ಅಕ್ಷರ ಬಿಡಿಸಿ ಓದುವವರಿಗೆ ಎರಡು ತಾಸು ಯಾವ ಮೂಲೆಗೆ? ಇಮ್ಮಡಿ ಪುಲಿಕೇಶಿ ಹರ್ಷನನ್ನು ಗೆದ್ದ ಮಾತಿರುವುದು ಅದರಲ್ಲೇ. ಒಂದು ಕಾಲಕ್ಕೆ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಹೆಸರಿನೊಂದಿಗೆ ದೂರ ದೂರದ ನಾಡುಗಳಿಗೆ ಹೋದ ಊರು ಇದು.

ಅಲ್ಲೇ ತಂಗಿ ಕಲಿಯುವ ಮಾದರಿ ನಮ್ಮ ನಾಡಿನಲ್ಲೇ ಇದೆ. ಆಗುಂಬೆಯಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗ ಸರ್ಪವನ್ನು ಅರಿಯಬೇಕಾದವರು ಆ ಮಳೆಯಲ್ಲೇ ಇದ್ದು ಅರಿಯುತ್ತಾರೆ. ಕಲ್ಲಿಗೂ ಅಷ್ಟೇ ತಾಳ್ಮೆ ಬೇಕು.

ನಾನು ಕೇಳುವುದು ದೊಡ್ಡ ಹೋಟೆಲಲ್ಲ. ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಅನುಮತಿ ಬೇಕು ಎಂಬುದು ಗೊತ್ತು. ಆ ಗಡಿಯಾಚೆ ಹುಡುಗರಿಗೊಂದು, ಹುಡುಗಿಯರಿಗೊಂದು ಕೋಣೆ, ಚಾಪೆ ಹಾಸಿದರೂ ಸಾಕು. ಬರೆಯಲು ಉದ್ದನೆಯ ಮೇಜು, ರಾತ್ರಿ ದೀಪ. ಅಡುಗೆಯನ್ನು ಊರಿನ ಸ್ವಸಹಾಯ ಸಂಘದ ತಾಯಂದಿರಿಗೆ ವಹಿಸಿ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಇದ್ದರೆ ನಮ್ಮ ಮಕ್ಕಳು ಬೇರೇನೂ ಕೇಳುವುದಿಲ್ಲ. ಎಲ್ಲಕ್ಕಿಂತ ಮೊದಲು, ನೀರಿರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಆಗಬೇಕು. ಎಲ್ಲಿಗೆ ಹೋಗುವುದೆಂಬ ಅಂಜಿಕೆಗೆ ಹೆಣ್ಣುಮಕ್ಕಳು ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಗುಡ್ಡ ಹತ್ತುವುದನ್ನು ನೋಡಿ ನನಗೆ ಸಾಕಾಗಿದೆ.

ಈ ಚಳಿಗಾಲ ಮತ್ತೆ ಹೊರಡುತ್ತೇವೆ. ಆ ಹುಡುಗಿ ಹಳೆಯ ಹಾಳೆಯನ್ನು ಜೋಪಾನವಾಗಿಟ್ಟಿದ್ದಾಳೆ. ಜಾಗ ನೋಡಲು ತಾವು ಬರುವುದಾದರೆ ಇಳಿಹೊತ್ತಿಗೇ ಬನ್ನಿ, ರಾವಣಫಡಿಯ ಮುಂದೆ ಕಾಯುತ್ತೇವೆ.

ತಮ್ಮ ವಿಶ್ವಾಸಿ,
ಇಳಕಲ್ಲಿನ ಒಬ್ಬ ಶಿಕ್ಷಕ