ನಂಬಿದವರು ಯಾರು?

ಇಂಗ್ಲಿಷಿನ ಸಂಶೋಧನಾ ಬರಹಗಳಲ್ಲಿ ‘ಇಟ್ ಈಸ್ ಬಿಲೀವ್ಡ್’, ‘ಇಟ್ ಹ್ಯಾಸ್ ಬೀನ್ ಆರ್ಗ್ಯೂಡ್’ ಎಂಬ ಪೀಠಿಕೆಗಳು ಹೇರಳ. ಇಲ್ಲಿನ ‘ಇಟ್’ ಯಾರನ್ನೂ ಸೂಚಿಸದೆ ಕರ್ತೃಸ್ಥಾನವನ್ನು ತುಂಬುವ ಸರ್ವನಾಮ. ಲೇಖಕನ ‘ನಾನು’ ಹಿಂದೆ ಸರಿಯಲೆಂಬುದು ಉದ್ದೇಶ, ಅದು ತಪ್ಪಲ್ಲ. ವಾದವು ಯಾರದೆಂಬುದೇ ಮರೆಯಾದಾಗ ತೊಡಕು.

ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂದು ‘ನಂಬಲಾಗಿದೆ’ ಎನ್ನುವ ವಾಕ್ಯವನ್ನೇ ನೋಡಬಹುದು. ನಂಬಿದವರು ಶ್ರಾವಕರೇ, ಇತಿಹಾಸಕಾರರೇ? ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಅದರಲ್ಲಿ ಭದ್ರಬಾಹುವಿದ್ದಾನೆ, ಪ್ರಭಾಚಂದ್ರನಿದ್ದಾನೆ, ಚಂದ್ರಗುಪ್ತನ ಹೆಸರಿಲ್ಲ. ಆ ಪ್ರಭಾಚಂದ್ರನೇ ಚಂದ್ರಗುಪ್ತನೆಂದು ವಾದಿಸಿದವರು ಬಿ.ಎಲ್. ರೈಸ್, ಒಪ್ಪದವರು ಜೆ.ಎಫ್. ಫ್ಲೀಟ್. ಇಬ್ಬರು ವಿದ್ವಾಂಸರ ಈ ಜಗಳವನ್ನು ಒಂದು ಕರ್ಮಣಿ ಕ್ರಿಯಾಪದ ಸದ್ದಿಲ್ಲದೆ ಮುಚ್ಚಿಹಾಕುತ್ತದೆ. ಪರಂಪರೆಗೂ ಇದರಿಂದ ಗೌರವ ಸಲ್ಲುವುದಿಲ್ಲ: ತಲೆಮಾರುಗಳಿಂದ ಈ ಕಥೆಯನ್ನು ಕಾಪಾಡಿಕೊಂಡು ಬಂದ ಸಮುದಾಯವೂ ಆ ವಾಕ್ಯದಲ್ಲಿ ಅಳಿಸಿಹೋಗುತ್ತದೆ.

ಕನ್ನಡದ ಪಿಎಚ್.ಡಿ. ಪ್ರಬಂಧಗಳು ಇದನ್ನೇ ಅನುಕರಿಸಿ ‘ಹೇಳಲಾಗಿದೆ’, ‘ಅಭಿಪ್ರಾಯಪಡಲಾಗಿದೆ’ ಎನ್ನತೊಡಗಿವೆ. (ಎರಡನೆಯದು ಕಿವಿಗೂ ಕಷ್ಟ.) ಕನ್ನಡದ ‘ಅಂತೆ’ ತಾನು ಕೇಳಿದ ಮಾತೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ, ‘ಹೇಳಲಾಗಿದೆ’ ಎಂಬುದಕ್ಕೆ ಮಾತ್ರ ಪ್ರಮಾಣದ ಗತ್ತು. ಇಂಗ್ಲಿಷಿನಲ್ಲಾದರೂ ‘ರೈಸ್ ಆರ್ಗ್ಯೂಡ್’ ಎಂದು ಬರೆಯಲು ಎರಡೇ ಪದ ಸಾಕು.